ಕಾಕಾ ತೆರೆದಿಟ್ಟ ಕಿಟಕಿ

ಕಾಕಾ ಎಲ್ಲಿ ಕಬ್ಬಿಣ ಕಂಡರೂ ಬೆರಳಗಂಟಿನಿಂದ ಬಡಿದು, ಕೂಡಲೇ ಅಂಗೈಯನ್ನು ಅದರ ಮೇಲೆ ಒತ್ತಿ ನಿಲ್ಲುತ್ತಿದ್ದರು. ಗೇಟು, ನೀರಿನ ಟ್ಯಾಂಕು, ಬಸ್ಸಿನ ಬಾಗಿಲು, ಯಾವುದನ್ನೂ ಬಿಟ್ಟವರಲ್ಲ. ಮೊದಲ ಸಲ ನಮ್ಮ ಮನೆಗೆ ಬಂದಾಗ ನಾನು ಚಹಾ ಕೊಟ್ಟರೆ, ಕಪ್ಪು ಪಕ್ಕಕ್ಕಿಟ್ಟು ನಮ್ಮ ಕಿಟಕಿಯ ಚೌಕಟ್ಟನ್ನು ಬಡಿದು ನೋಡಿ, "ಒಳಗ ಟೊಳ್ಳಾಗೈತ್ರಿ ಇದು" ಎಂದು ಇಡೀ ಕಾಲನಿಗೆ ಕೇಳುವಂತೆ ಸಾರಿದರು. ನಾವು ಆ ಮನೆ ಕೊಂಡು ಇನ್ನೂ ತಿಂಗಳಾಗಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಅವರು ಮೆಲ್ಲಗೆ ಮಾತಾಡುವ ಹಾಗೇ ಇರಲಿಲ್ಲ. ಗೋವೆಯ ವಾಸ್ಕೋ ಬಂದರಿನ ಕಡೆ ಹಡಗು ರಿಪೇರಿ ಮಾಡುವ ಒಂದು ಯಾರ್ಡಿನಲ್ಲಿ ಸೂಪರ್‌ವೈಜರ್ ಆಗಿದ್ದವರು. ಹಡಗಿನ ಮೈಗೆ ಹತ್ತಿದ ಹಳೆಯ ಬಣ್ಣವನ್ನೂ ತುಕ್ಕನ್ನೂ ಕೆತ್ತಿಸಿ ತೆಗೆಸುವುದು ಅವರ ಕೆಲಸ. ಪ್ರಾಯವೆಲ್ಲ ಆ ಸುತ್ತಿಗೆಗಳ ಸದ್ದಿನಲ್ಲೇ ಕಳೆದು, ನಿವೃತ್ತರಾಗುವ ಹೊತ್ತಿಗೆ ಎರಡೂ ಕಿವಿ ಹೋಗಿದ್ದವು. ಕಬ್ಬಿಣದ ಸದ್ದನ್ನು ಅಂಗೈಯಿಂದಲೇ ಕೇಳುತ್ತಿದ್ದರು. ಮಗಳು ಬೆಳಗಾವಿಯಿಂದ ಕಿವಿಗೆ ಹಾಕಿಕೊಳ್ಳುವ ಯಂತ್ರ ತಂದುಕೊಟ್ಟಳು. ಒಂದು ಮುಂಜಾನೆ ಹಾಕಿಕೊಂಡು, "ಇದರಾಗ ಯಾರ್ಡ್ ಮತ್ತ ಚಾಲೂ ಆತು" ಎಂದು ತೆಗೆದು ಡಬ್ಬಿಯಲ್ಲಿಟ್ಟರು. ಮತ್ತೆ ಆ ಡಬ್ಬಿಯ ಮುಚ್ಚಳ ತೆಗೆದದ್ದನ್ನು ಯಾರೂ ಕಾಣಲಿಲ್ಲ.

ನಮ್ಮ ಕಾಲನಿಯ ಕನ್ನಡದವರಿಗೂ ಕೊಂಕಣಿಯವರಿಗೂ ಅವರು ಕಾಕಾ, ಅವರ ಹೆಂಡತಿ ಕಾಕು. ಬೈಲಹೊಂಗಲದ ಕಡೆಯವರು. ಕಳೆದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಅವರ ಬಗ್ಗೆ ಬರೆಯುವಷ್ಟು ದೊಡ್ಡದು ಏನಿದೆ ಎಂದು ನಮ್ಮ ಮನೆಯವರೇ ಕೇಳಿದರು. ದೊಡ್ಡದು ಏನೂ ಇಲ್ಲ, ಒಂದು ಕಿಟಕಿ ಇದೆ.

ಕಾಕಾನಿಗೆ ಕಾಕುವೇ ಕಿವಿ. ಯಾರಾದರೂ ಮಾತಾಡಿದರೆ ಅವರು ಆ ಮಾತಾಡಿದವರನ್ನು ನೋಡುತ್ತಿರಲಿಲ್ಲ, ಕಾಕುವನ್ನು ನೋಡುತ್ತಿದ್ದರು. ಕಾಕು ಅವರ ಎಡಗಿವಿಗೆ ಬಾಯಿ ಹಚ್ಚಿ ಅಷ್ಟನ್ನೂ ತಿರುಗಿ ಹೇಳುತ್ತಿದ್ದರು. ಬರೀ ತಿರುಗಿ ಹೇಳುವುದಲ್ಲ, ತಮ್ಮದೊಂದು ಒಗ್ಗರಣೆಯನ್ನೂ ಸೇರಿಸುತ್ತಿದ್ದರು. ಹಾಗಾಗಿ ನಾವು ಹೇಳಿದ ನೀರಸ ಮಾತಿಗೂ ಕಾಕಾ ಕೊಂಚ ತಡವಾಗಿ ಹೊಟ್ಟೆ ತುಂಬ ನಗುತ್ತಿದ್ದರು. ಏನು ಹೇಳಿದಿರಿ ಕಾಕು ಎಂದು ಕೇಳಿದರೆ, "ನೀವು ಹೇಳಿದ್ದ ಹೇಳಿದೆ ತಗೋರಿ" ಎಂದು ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಿದ್ದರು.

ನಮ್ಮ ಕಾಲನಿ ಇರುವುದು ಝುವಾರಿನಗರದಿಂದ ವಾಸ್ಕೋ ಕಡೆಗೆ ಇಳಿಯುವ ದಿಣ್ಣೆಯ ಮೇಲೆ. ಸಮುದ್ರದ ಗಾಳಿ ನೇರ ಬಂದು ಬಡಿಯುತ್ತದೆ. ಕಬ್ಬಿಣದ ಕಿಟಕಿಗೆ ಇಲ್ಲಿ ಆಯುಷ್ಯ ಕಡಿಮೆ. ಇಲ್ಲಿಯವರು ಅದಕ್ಕೇ ಬಿಸಿಲಿನ ದಿನಗಳಲ್ಲಿ, ಕಿಟಕಿಯ ಕದಗಳನ್ನು ಪೂರ್ತಿ ತೆರೆದಿಟ್ಟು ಬಣ್ಣ ಹಚ್ಚಿ ಮುಗಿಸಿಬಿಡುತ್ತಾರೆ. ಕಾಕು ಒಪ್ಪಬೇಕಲ್ಲ? ಅವರ ತವರಿನಲ್ಲಿ ಬಾಗಿಲು ಕಿಟಕಿಗೆ ಬಣ್ಣ ಬೀಳುವುದು ಚೌತಿಯ ಮುಂಚೆ. ಗಣಪತಿ ಒಳಗೆ ಬರುವಾಗ ಹಳೆಯ ಕಿಟಕಿ ಅವನ ಕಣ್ಣಿಗೆ ಬೀಳಬಾರದು. ಬೈಲಹೊಂಗಲದ ಚೌತಿಗೆ ಒಂದಿಷ್ಟು ಜಿಟಿಜಿಟಿ ಬಂದು ಹೋಗುತ್ತದೆ. ಗೋವೆಯ ಚೌತಿಗೆ ಆಕಾಶವೇ ಹರಿದು ಬೀಳುತ್ತಿರುತ್ತದೆ. ಕಿಟಕಿ ತೆರೆದಿಡುವ ಮಾತೇ ಇಲ್ಲ. ಹಾಗಾಗಿ ಕಾಕಾ ವರ್ಷವರ್ಷವೂ ಕದ ಮುಚ್ಚಿ, ಚಿಲಕ ಹಾಕಿ, ಒಳಗಿನಿಂದ ಒಮ್ಮೆ ಬಳಿದು, ಮಳೆ ಬಿಡುವು ಕೊಟ್ಟಾಗ ಹೊರಗಿನಿಂದ ಏಣಿ ಹತ್ತಿ ಇನ್ನೊಮ್ಮೆ ಬಳಿಯುತ್ತಿದ್ದರು. ಗಿಳಿಹಸಿರು ಬಣ್ಣ. ಕದ ಯಾವುದು, ಚೌಕಟ್ಟು ಯಾವುದು ಎಂದು ತಿಳಿಯದ ಹಾಗೆ ಸಂದಿಯೆಲ್ಲ ತುಂಬಿಹೋಗುತ್ತಿತ್ತು.

ಎದುರು ಮನೆಯ ಶಾಂತಾಬಾಯಿ ಕಾರವಾರದವರು, ಗೋವೆಯ ಮಳೆ ಬಲ್ಲವರು. "ಮಳೆಯೊಳಗೆ ಬಣ್ಣ ಬಳಿಯುವ ಊರು ಯಾವುದು ಮಾರಾಯ್ತಿ ನಿಮ್ಮದು?" ಎಂದು ಕಾಕುವನ್ನು ಪ್ರತಿವರ್ಷ ಕೇಳುವರು. ಹಡಗಿನ ಬಣ್ಣ ಕೆತ್ತಿಸುತ್ತಿದ್ದ ಮನುಷ್ಯನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಮ್ಮೆ ನಾನೇ ಕೇಳಿದ್ದಕ್ಕೆ, "ಯಾರ್ಡಿನಾಗ ನಾ ಸೂಪರ್‌ವೈಜರ್ ರೀ. ಮನ್ಯಾಗ ಅಲ್ಲ" ಎಂದಿದ್ದರು.

ಮೊದಮೊದಲು ಹಬ್ಬ ಮುಗಿದ ಮೇಲೆ ಕದವನ್ನು ಭುಜದಿಂದ ನೂಕಿ ತೆರೆಯುತ್ತಿದ್ದರು. ಒಂದು ವರ್ಷ ಮಲಗುವ ಕೋಣೆಯದು ತೆರೆಯಲಿಲ್ಲ. ಇರಲಿ ಬಿಡು, ಅಡಿಗೆಮನೆಯ ಕಿಟಕಿ ಇದೆಯಲ್ಲ ಎಂದು ಬಿಟ್ಟರು. ಅದರ ಮೇಲೂ ಚೌತಿಗಳು ಬಂದವು, ಬಣ್ಣ ಬಿತ್ತು.

ಆಮೇಲೆ ಕಾಕುವಿಗೆ ಉಸಿರಿನ ಕಾಯಿಲೆ ಹತ್ತಿತು. ಮೊದಲು ದಿಣ್ಣೆ ಹತ್ತುವುದು ನಿಂತಿತು, ಆಮೇಲೆ ಮೆಟ್ಟಿಲು ಇಳಿಯುವುದು ನಿಂತಿತು, ಕೊನೆಗೆ ಮಲಗುವ ಕೋಣೆಯ ಮಂಚವೇ ಅವರ ಲೋಕವಾಯಿತು. ಅವರ ಮನೆ ಮೊದಲನೆಯ ಮಹಡಿ. ಆ ಮಂಚದ ತಲೆಯ ಮೇಲೇ ಆ ಅಂಟಿಕೊಂಡ ಕಿಟಕಿ. ಕಿಟಕಿಯ ಕೆಳಗೆ ಬಾದಾಮಿ ಮರ, ಮರದ ಸುತ್ತ ಕಟ್ಟೆ. ಸಂಜೆ ಆ ಕಟ್ಟೆಯ ಮೇಲೆ ನಾವು ಕೂರುತ್ತಿದ್ದೆವು. ನಾನು, ಶಾಂತಾಬಾಯಿ, ಮತ್ತೆ ಗಂಗವ್ವ. ಗಂಗವ್ವ ವಿಜಯಪುರದ ಕಡೆಯವಳು. ಕಾಲನಿಯ ಮೆಟ್ಟಿಲು ಗುಡಿಸಿ, ನಾಲ್ಕು ಮನೆಯ ಪಾತ್ರೆ ತಿಕ್ಕಿ, ಝುವಾರಿನಗರದ ತನ್ನ ಮನೆಗೆ ಹೊರಡುವ ಮುಂಚೆ ಕಾಲು ಚಾಚಿ ಅಲ್ಲಿ ಕೂರುವಳು. ಆ ಕಟ್ಟೆಯ ಯಜಮಾನಿಯೇ ಕಾಕು ಆಗಿದ್ದರು. ಯಾರ ಮನೆಗೆ ಯಾವ ಮೀನು ಬಂತು, ಯಾರ ಸೊಸೆ ತವರಿಗೆ ಹೋದಳು, ಬಸ್ಸಿನಲ್ಲಿ ಯಾರು ಯಾರ ಜೊತೆ ಜಗಳಾಡಿದರು, ಎಲ್ಲಕ್ಕೂ ಅವರ ತೀರ್ಪು ಬೀಳಬೇಕು. ಅವರಿಲ್ಲದೆ ಅಲ್ಲಿ ಕೂತರೆ ಉಪ್ಪಿಲ್ಲದ ಊಟ ಉಂಡಂತಾಗುತ್ತಿತ್ತು. ಆದರೂ ಕೂರುತ್ತಿದ್ದೆವು, ಮಾತಾಡುತ್ತಿದ್ದೆವು. ಮನುಷ್ಯರು ಹಾಗೇ.

ಒಂದು ದಿನ ನಾನು ಜೋಳದ ರೊಟ್ಟಿ ಒಯ್ದು ಕೊಡಲು ಹೋದಾಗ ಕಾಕು ನನ್ನ ಕೈ ಹಿಡಿದುಕೊಂಡರು.

"ನಿಮ್ಮ ಮಾತು ಮ್ಯಾಲೆ ಬರಂಗಿಲ್ಲವ್ವಾ," ಎಂದರು. "ಗುಂಯ್ ಅಂತ ಕೇಳಸ್ತೈತಿ, ಶಬ್ದ ತಿಳಿಯಂಗಿಲ್ಲ. ನಗಿ ಅಷ್ಟ ಬರ್ತೈತಿ. ಯಾತಕ್ಕ ನಕ್ಕಿರಿ ಅಂತ ತಿಳೀದ ಬರೀ ನಗಿ ಕೇಳೂದು ಭಾಳ ತ್ರಾಸ ನೋಡು."

ಸ್ವಲ್ಪ ಉಸಿರು ಎಳೆದುಕೊಂಡು, "ನನ್ನ ಹಟಕ್ಕ ಅಂಟಿದ ಕಿಟಕಿ ಇದು. ಇನ್ನ ನಾ ಕೆಳಗ ಬರಾಕಿ ಅಲ್ಲ. ಒಂದ್ಸಲ ಇದು ತೆಗದ್ರ ಸಾಕಾಗಿತ್ತು" ಎಂದರು.

ಕಾಕಾ ಬಾಗಿಲಲ್ಲಿ ನಿಂತು ಅವರ ತುಟಿಗಳನ್ನೇ ನೋಡುತ್ತಿದ್ದರು. ಏನಂದಳು ಎಂದು ನನ್ನನ್ನು ಕೇಳಿದರು. ನಾನು ಅವರ ಎಡಗಿವಿಯಲ್ಲಿ ಅಷ್ಟನ್ನೂ ಕೂಗಿ ಹೇಳಿದೆ, ಒಗ್ಗರಣೆ ಹಾಕದೆ. ಅವರು ಬಂದು ಕಿಟಕಿಯ ಚೌಕಟ್ಟನ್ನು ಬೆರಳಗಂಟಿನಿಂದ ಬಡಿದರು, ಅಂಗೈ ಒತ್ತಿ ನಿಂತರು.

ಮರುದಿನವೇ ವಾಸ್ಕೋ ಮಾರುಕಟ್ಟೆಯಿಂದ ಬಣ್ಣ ತೆಗೆಯುವ ದ್ರಾವಣದ ಡಬ್ಬಿ ತಂದರು. ಮುಚ್ಚಳ ತೆಗೆದದ್ದೇ ತಡ, ಆ ವಾಸನೆಗೆ ಕಾಕುವಿನ ಎದೆ ಕಟ್ಟಿಕೊಂಡಿತು. ಅವರನ್ನು ಎತ್ತಿಕೊಂಡು ಅಡಿಗೆಮನೆಗೆ ಒಯ್ದು, ಅಲ್ಲಿಯ ಕಿಟಕಿಗೆ ಮುಖ ಹಚ್ಚಿ ಕೂರಿಸಬೇಕಾಯಿತು. ಡಬ್ಬಿ ಹೊರಗೆ ಹೋಯಿತು. ಆಮೇಲೆ ಕಾಕಾ ಸುತ್ತಿಗೆ ಹಿಡಿದರು. ಅವರಿಗೆ ಗೊತ್ತಿದ್ದ ಹಾದಿ ಅದೊಂದೇ. ನಾಲ್ಕು ಏಟಿಗೆ ಬಣ್ಣದ ಪುಡಿಯೂ ತುಕ್ಕಿನ ಪುಡಿಯೂ ಒಳಗೆ ಹಾರಿ, ಕಾಕು ಸಂಜೆಯ ತನಕ ಕೆಮ್ಮಿದರು. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ, ಅದರ ಧೂಳು ವಿಷ ಎನ್ನುವುದನ್ನು ಯಾರ್ಡಿನಲ್ಲಿ ಎಲ್ಲರಿಗೂ ಹೇಳುತ್ತಿದ್ದವರು ಅವರೇ. ಆ ದಿನ ಸುತ್ತಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದ ಅವರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಗಾಜು ಒಡೆದುಬಿಡಿ ಎಂದು ನಾನು ಸಲಹೆ ಕೊಟ್ಟೆ. ಸಲಹೆ ಕೊಡುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ.

"ಮಳಿಗಾಲ ಬರಾಕತ್ತೈತ್ರಿ ಅಕ್ಕಾರ," ಎಂದರು ಕಾಕಾ. "ಗಾಜು ಒಡದ್ರ ಅಕಿ ಎದಿ ಮ್ಯಾಲೆ ನೀರು ಬೀಳ್ತೈತಿ. ಚೌಕಟ್ಟ ಕಿತ್ರ ಗ್ವಾಡಿ ಧೂಳು. ತೆಗೀಬೇಕು ಅಂದಾಗ ತೆಗೀಬೇಕು, ಮುಚ್ಚಬೇಕು ಅಂದಾಗ ಮುಚ್ಚಬೇಕು. ಅಂಥಾ ಕಿಟಕಿ ಬೇಕು ನನಗ."

ಆಮೇಲೆ ಶುರುವಾಯಿತು ಅವರ ನಿಜವಾದ ಕೆಲಸ. ಬಟ್ಟೆ ಒಗೆಯುವ ಸೋಡಾವನ್ನು ಬಿಸಿನೀರಿನಲ್ಲಿ ಕಲಸಿ, ಆ ಗಂಜಿಯನ್ನು ಸಂದಿಗೆ ಮೆತ್ತಿ, ಮೇಲೆ ಒದ್ದೆ ಬಟ್ಟೆಯ ಪಟ್ಟಿ ಅಂಟಿಸುವುದು. ಬಣ್ಣ ಮೆತ್ತಗಾಗುವವರೆಗೆ ಕಾಯುವುದು. ಮತ್ತೆ ಮೊಂಡಾದ ಕಬ್ಬಿಣದ ಪಟ್ಟಿಯಿಂದ, ಸದ್ದಾಗದಂತೆ, ಪುಡಿ ಹಾರದಂತೆ, ಒದ್ದೆ ಒದ್ದೆಯಾಗಿಯೇ ಕೆರೆದು ತೆಗೆಯುವುದು. ಕೆರೆದದ್ದನ್ನು ಬಟ್ಟೆಯಲ್ಲಿ ಒರೆಸಿ ಚೀಲದಲ್ಲಿ ಕಟ್ಟುವುದು. ದಿನಕ್ಕೆ ಒಂದು ಗೇಣು ಮುಗಿದರೆ ಹೆಚ್ಚು. ಹಡಗಿನ ಹೊಟ್ಟೆಯನ್ನೇ ಬಡಿದು ಬರಿದು ಮಾಡಿಸುತ್ತಿದ್ದ ಕೈ, ಮಗುವಿನ ಕಣ್ಣಿನ ಪಿಸುರು ತೆಗೆಯುವ ಹಾಗೆ ಆ ಸಂದಿಯನ್ನು ಕೆರೆಯುತ್ತಿತ್ತು.

ಒಳಗಿನದು ಮುಗಿದ ಮೇಲೆ ಹೊರಗಿನದು. ಏಣಿಯನ್ನು ತಂದು ನಮ್ಮ ಕಟ್ಟೆಯ ಮೇಲೇ ಊರಿದರು. ಗಂಗವ್ವ ಮೊದಲ ದಿನ ತಿಳಿಯದೆ ಹೋಗಿ ಕೆಳಗೆ ಕೂತಳು. ಹಸಿರು ನೀರು ಸೆರಗಿನ ಮೇಲೆ ತೊಟ್ಟಿಕ್ಕಿತು.

"ಕಾಕಾ, ಹೋಳಿ ಆಡಾಕತ್ತೀರೇನ್ರಿ ನನ್ನ ಮ್ಯಾಲೆ?" ಎಂದು ಕೂಗಿದಳು.

ಕಾಕಾನಿಗೆ ಎಲ್ಲಿ ಕೇಳಬೇಕು? ಇನ್ನೊಂದು ತೊಟ್ಟು ಬಿತ್ತು. ಆಮೇಲೆ ಕೆಳಗೆ ನೋಡಿ, ನಾಚಿಕೊಂಡು, ಕಾಕುವಿನ ಒಂದು ಹಳೆಯ ಇಳಕಲ್ ಸೀರೆಯನ್ನು ಕಿಟಕಿಯ ಕೆಳಗೆ ಜೋಳಿಗೆಯ ಹಾಗೆ ಕಟ್ಟಿದರು. ಕಟ್ಟೆ ಹೋದದ್ದಕ್ಕೆ ನಾವು ಗೊಣಗಿದ್ದೇನೂ ಸುಳ್ಳಲ್ಲ. ಕಾಕು ಹೇಳಿದ್ದನ್ನು ನಾನು ಹೇಳಿದ ಮೇಲೆ ಗೊಣಗಾಟ ನಿಂತಿತು. ಶಾಂತಾಬಾಯಿ ಏಣಿಯ ಬುಡ ಹಿಡಿದು ನಿಂತರು. ಮಳೆ ಬರುವುದರೊಳಗೆ ಮುಗಿಯಬೇಕಿತ್ತು. ಕಾಕುವಿನ ಉಸಿರು ವಾರದಿಂದ ವಾರಕ್ಕೆ ಸಣ್ಣದಾಗುತ್ತಿತ್ತು. ಎರಡರಲ್ಲಿ ಯಾವುದು ಮೊದಲು ಬರುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಒಂದು ಮಧ್ಯಾಹ್ನ ಕಾಕಾ ನಮ್ಮ ಬಾಗಿಲು ಬಡಿದರು. ಅಂದು ರಜೆ, ನಾನು ಮನೆಯಲ್ಲಿದ್ದೆ. ಅವರ ಗಡ್ಡದಲ್ಲೂ ಹಸಿರು, ಉಗುರಿನಲ್ಲೂ ಹಸಿರು.

"ಕಿಟಕಿ ತೆಗೀತ್ರಿ," ಎಂದರು. ಉಗುರಿನ ಹಸಿರನ್ನು ಕೆರೆದುಕೊಳ್ಳುತ್ತ, "ಸಂಜಿಗೆ ಎಲ್ಲಾರೂ ಬರ್ರಿ. ಕುಂದರ್ರಿ. ಮಾತಾಡ್ರಿ" ಎಂದರು.

ಸಂಜೆ ಹೋಗಿ ಕೂತೆವು. ತಲೆ ಎತ್ತಿ ನೋಡಿದರೆ ಎರಡೂ ಕದ ಹೊರಕ್ಕೆ ತೆರೆದಿವೆ, ವರ್ಷಗಳ ಮೇಲೆ ಮೊದಲ ಸಲ ಆ ಕೋಣೆಯ ಒಳಗಿನ ಕತ್ತಲು ಕಾಣುತ್ತಿದೆ. ನಮಗೆ ಒಂದು ಮಾತೂ ಹೊರಡಲಿಲ್ಲ! ಕಟ್ಟೆಗೆ ಕೂತರೆ ಬಾಯಿ ಮುಚ್ಚದ ನಾವು ಮೂವರೂ ವಧುಪರೀಕ್ಷೆಗೆ ಬಂದವರ ಹಾಗೆ ಕೈ ಕಟ್ಟಿ ಕೂತೆವು. ಶಾಂತಾಬಾಯಿ ಕೆಮ್ಮಿದರು. ನಾನು "ಇವತ್ತು ಸೆಖೆ ಜಾಸ್ತಿ" ಎಂದೆ. ಮೇಲೆ ಕಾಕು ಕಾಯುತ್ತಿದ್ದಾರೆ, ಅಷ್ಟು ದಿನ ಒಬ್ಬ ಮನುಷ್ಯ ಕೆರೆದು ಕೆರೆದು ತೆರೆದ ಕಿಟಕಿಗೆ ನಾವು ಕೊಡುತ್ತಿರುವುದು ಇದೇ! ನನಗೆ ಅಳುವೇ ಬಂದಂತಾಯಿತು.

ಕೊನೆಗೆ ಗಂಗವ್ವ ಕಾಲು ಚಾಚಿದಳು.

"ಅಲ್ರಿ ಅಕ್ಕಾರ, ನನ್ನ ಗಂಡ ನಿನ್ನೆ ಒಣಾ ಸೀಗಡಿ ಚೀಲ ತಂದು ಹಾಸಿಗಿ ಮಗ್ಗಲಕ ಇಟ್ಟಾನ. ಬೆಕ್ಕು ಬಂದು ಚೀಲ ಬಿಟ್ಟು ಅವನ ಮೀಸಿ ನೆಕ್ಕಾಕತ್ತಿತ್ತು. ಅವ ನಿದ್ದಿಗಣ್ಣಾಗ ನಾನಂತ ತಿಳದು, 'ಬಿಡ, ಮಕ್ಕಳು ಎದ್ದಾವು' ಅಂದ!"

ಶಾಂತಾಬಾಯಿ ಕಟ್ಟೆಯಿಂದ ಜಾರುವುದೊಂದು ಬಾಕಿ. ನಾನೂ ನಕ್ಕೆ. ಆಗ ಮೇಲಿನಿಂದ ಇನ್ನೊಂದು ನಗೆ ಬಂತು, ಕೆಮ್ಮು ಬೆರೆತ, ಉಸಿರು ಸಾಲದ ನಗೆ. ಅದರ ಬೆನ್ನಿಗೇ ಕಾಕುವಿನ ದನಿ: "ಗಂಗವ್ವಾ, ಬೆಕ್ಕಿಗೆ ಹೊಟ್ಟಿ ತುಂಬಿತಿಲ್ಲೋ?" ಸ್ವಲ್ಪ ಹೊತ್ತು ಬಿಟ್ಟು, ನಾವು ಮೂವರೂ ಕಾಯುತ್ತಿದ್ದ ಹಾಗೇ, ಕಾಕಾನ ಗುಡುಗಿನಂಥ ನಗೆ ಕೇಳಿತು. ಕಾಕು ಕಿವಿಯಲ್ಲಿ ಹೇಳಿ ಮುಗಿಸಿದ್ದರು.

ಆ ಮಳೆಗಾಲವೆಲ್ಲ ಹಾಗೇ ನಡೆಯಿತು. ಕಿಟಕಿಯ ಮೇಲೆ ಕಾಕಾ ತಗಡಿನ ಸಣ್ಣ ಚಪ್ಪರ ಇಳಿಸಿದರು. ಮಳೆ ಜೋರಾದರೆ ಮುಚ್ಚುವರು, ನಿಂತ ಕೂಡಲೇ ತೆರೆಯುವರು. ನಾವು ಛತ್ರಿ ಹಿಡಿದು ಕೂತದ್ದೂ ಉಂಟು. ಕಾಕು ಮೇಲಿನಿಂದಲೇ ತೀರ್ಪು ಕೊಡುತ್ತಿದ್ದರು. ಬರಬರುತ್ತ ತೀರ್ಪುಗಳು ಚಿಕ್ಕದಾದವು, ಆಮೇಲೆ ಬರೀ ನಗೆ, ಕೊನೆಕೊನೆಗೆ ನಗೆಯ ಬದಲು ಕಾಕಾ ಕಿಟಕಿಗೆ ಬಂದು, ಕೇಳಿದಳು ಎನ್ನುವಂತೆ ನಮ್ಮ ಕಡೆ ಕೈ ಆಡಿಸುತ್ತಿದ್ದರು. ಚೌತಿಯ ಮುಂಚೆ ಕಾಕು ಹೋದರು. ಆ ವರ್ಷ ಅವರ ಮನೆಯಲ್ಲಿ ಗಣಪತಿ ಇಡಲಿಲ್ಲ.

ದಿನಕರ್ಮ ಮುಗಿದ ಮರುದಿನ ಸಂಜೆ ಕಟ್ಟೆಗೆ ಹೋದರೆ ಕಿಟಕಿ ತೆರೆದೇ ಇತ್ತು. ಅದರ ಮರುದಿನವೂ. ಕದಕ್ಕಾಗಲಿ ಚೌಕಟ್ಟಿಗಾಗಲಿ ಕಾಕಾ ಬಣ್ಣ ಹಚ್ಚಲಿಲ್ಲ. ಕೆರೆದಲ್ಲೆಲ್ಲ ಬರಿ ಕಬ್ಬಿಣ. ಈ ಉಪ್ಪುಗಾಳಿಯಲ್ಲಿ ಅದು ಎಷ್ಟು ದಿನ ತಡೆದೀತು? ಬಿಡುವಾದಾಗೆಲ್ಲ ಎಣ್ಣೆಬಟ್ಟೆ ಹಿಡಿದು ಒರೆಸುತ್ತ ಕೂರುವರು. ಕದ ತೆರೆದಿಟ್ಟೇ ಬಣ್ಣ ಹಚ್ಚಿ, ಅಂಟುವುದಿಲ್ಲ, ನಿಮಗೆ ನಾನು ಹೇಳಿಕೊಡಬೇಕೇ ಎಂದು ನಾನು ಜಗಳಾಡಿದೆ.

"ಗೊತ್ತೈತ್ರಿ," ಎಂದರು. "ಆದ್ರ ಕೈ ಬರವಲ್ದು."

ಒಂದು ದಿನ ತಡೆಯಲಾರದೆ ಮೇಲೆ ಹೋಗಿ ಅವರ ಎಡಗಿವಿಯಲ್ಲಿ ಕೂಗಿ ಕೇಳಿದೆ: "ಕಾಕಾ, ನಿಮಗ ಹೆಂಗೂ ನಮ್ಮ ಮಾತು ಕೇಳಸಂಗಿಲ್ಲ. ಯಾಕ ತೆರದು ಕುಂದರ್ತೀರಿ?"

ಅವರು ಚೌಕಟ್ಟಿನ ಮೇಲೆ ಅಂಗೈ ಇಟ್ಟುಕೊಂಡೇ ಹೇಳಿದರು: "ಅಕಿ ಇದ್ದಾಗ ನೀವು ಯಾತಕ್ಕ ನಕ್ರಿ ಅಂತ ಕಿವ್ಯಾಗ ಹೇಳ್ತಿದ್ಲು. ಈಗ ನೀವು ನಗೂದು ಕಾಣಸ್ತೈತಿ, ಯಾತಕ್ಕಂತ ತಿಳಿಯಂಗಿಲ್ಲ. ಇರವಲ್ದ್ಯಾಕ. ನಗಾಕತ್ತೀರಿ, ಅಷ್ಟು ಕಂಡ್ರ ಸಾಕು."

ನಾನು ಕೆಳಗೆ ಬಂದು ಇಬ್ಬರಿಗೂ ಹೇಳಿದೆ. ಅಂದಿನಿಂದ ನಾವು ದನಿ ಏರಿಸಿದೆವು. ಯಾರೂ ತೀರ್ಮಾನ ಮಾಡಿ ಏರಿಸಿದ್ದಲ್ಲ, ತಾನಾಗಿ ಏರಿತು. ಗಂಗವ್ವ ನಗೆಯ ಮಾತು ಬಂದಾಗ ಎದ್ದು ನಿಂತು, ತಲೆ ಎತ್ತಿ, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿ ಹೇಳುವಳು. ಬಸ್ ಸ್ಟಾಪಿನಲ್ಲಿ ನಿಂತವರೆಲ್ಲ ತಿರುಗಿ ನೋಡುವರು. ಕಾಕಾನಿಗೆ ಒಂದಕ್ಷರ ಮುಟ್ಟುತ್ತಿತ್ತೋ ಇಲ್ಲವೋ. ತಲೆಯಂತೂ ಆಡಿಸುತ್ತಿದ್ದರು, ಒಮ್ಮೊಮ್ಮೆ ತಪ್ಪು ಜಾಗದಲ್ಲಿ ನಗುತ್ತಿದ್ದರು.

ಕೊನೆಯ ವರ್ಷ ಅವರಿಗೆ ಎಣ್ಣೆಬಟ್ಟೆ ಹಿಡಿಯುವ ಶಕ್ತಿ ಇರಲಿಲ್ಲ. ನಾನು ಒರೆಸುತ್ತೇನೆ ಎಂದರೆ ಒಪ್ಪಲಿಲ್ಲ. ಕಿಟಕಿ ಹಗಲೂ ರಾತ್ರಿಯೂ ತೆರೆದೇ ಇರುತ್ತಿತ್ತು. ಬೇಸಿಗೆಯ ಒಂದು ಮುಂಜಾನೆ ಗಂಗವ್ವ ಮೆಟ್ಟಿಲು ಗುಡಿಸಲು ಬಂದಾಗ ಕಾಕಾ ಬಾಗಿಲು ತೆರೆದಿರಲಿಲ್ಲ. ಅದೇ ಮಂಚದ ಮೇಲೆ, ನಿದ್ದೆಯಲ್ಲೇ ಹೋಗಿದ್ದರು.

ಮಗಳು ಬಂದು ಎಲ್ಲ ಮುಗಿಸಿ, ಬೆಳಗಾವಿಗೆ ಹೊರಡುವ ದಿನ ಬೀಗದ ಕೈ ಹಿಡಿದು ನಮ್ಮ ಮನೆಗೆ ಬಂದಳು.

"ಮಾವಶಿ, ಆ ಕಿಟಕಿ ಮುಚ್ಚಾಕ ಬರವಲ್ದು. ಕದ ತಿರುಗೂ ಬಿಜಾಗ್ರಿ ಪೂರಾ ತುಕ್ಕು ಹಿಡದು ತೆರದಲ್ಲೇ ಕುಂತೈತಿ. ಭಾಳ ನೂಕಿ ನೋಡಿದೆ. ಮಳಿ ಬರೂದ್ರಾಗ ಯಾರನ್ನರ ಕರೆಸಿ ಬಡಿದು ಮುಚ್ಚಸ್ತೀರೇನು?"

ಆಗಲಿ ಎಂದೆ. ಸಂಜೆ ಕಚೇರಿಯಿಂದ ಬಂದವಳು ಕೀಲಿಯನ್ನೂ ಎಣ್ಣೆಯ ಡಬ್ಬಿಯನ್ನೂ ಹಿಡಿದು ಮೇಲೆ ಹೋದೆ. ಕದಕ್ಕೆ ಕೈ ಹಾಕಿದೆ. ಅಲುಗಲಿಲ್ಲ. ಅಂಗೈಗೆ ಕೆಂಪು ಪುಡಿ ಹತ್ತಿತು. ಸುಸ್ತಾಗಿ ಕಾಕುವಿನ ಮಂಚದ ಮೇಲೆ ಕೂತೆ. ಇಷ್ಟು ವರ್ಷ ಅವರ ಮನೆಗೆ ಹೋಗಿದ್ದರೂ, ಕಟ್ಟೆಯ ಹೊತ್ತಿನಲ್ಲಿ ನಾನು ಆ ಮಂಚದ ಮೇಲೆ ಒಂದು ದಿನವೂ ಕೂತಿರಲಿಲ್ಲ. ಆ ಹೊತ್ತಿಗೆ ನಾನು ಯಾವಾಗಲೂ ಕೆಳಗೆ ಇರುತ್ತಿದ್ದೆ.

ಕೆಳಗೆ ಗಂಗವ್ವ ಬಂದು ಕೂತಳು. ಶಾಂತಾಬಾಯಿ ಬಂದರು. ಗಂಗವ್ವನ ಬಳೆಯ ಸದ್ದೂ ಕೇಳುತ್ತಿತ್ತು. ನಾನು ಎಲ್ಲಿ ಎಂದು ಶಾಂತಾಬಾಯಿ ಕೇಳಿದರು. "ಆ ಅಕ್ಕಾರಾ? ಯಾರಿಗರ ಸಲಹಾ ಕೊಡಾಕ ಹೋಗಿರಬೇಕು" ಎಂದಳು ಗಂಗವ್ವ. ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ಇಲ್ಲಿರುವುದು ಅವರಿಗೆ ತಿಳಿದಿರಲಿಲ್ಲ. ಆ ಕೋಣೆಯಲ್ಲಿ ಯಾರೂ ಇಲ್ಲವೆಂದೇ ಅವರು ತಿಳಿದಿದ್ದರು. ಆದರೂ ಗಂಗವ್ವ ಎದ್ದು ನಿಂತು, ಕಿಟಕಿಯ ಕಡೆ ಮುಖ ಎತ್ತಿ, ಬಾಯಿಗೆ ಕೈ ಅಡ್ಡ ಹಿಡಿದು, ಅದೇ ಮಾತನ್ನು ಇನ್ನೊಮ್ಮೆ ಜೋರಾಗಿ ಕೂಗಿ ಹೇಳಿದಳು.